ಎರಡು ಬೆರಳು, ಮೂರು ಸ್ವರ

ಬೆಳಗಿನ ನಾಲ್ಕೂಮುಕ್ಕಾಲು. ಟೈರ್ ಅಂಗಡಿಯ ಪಕ್ಕದ ಕಬ್ಬಿಣದ ಮೆಟ್ಟಿಲನ್ನು ಹೆಂಗಸೊಬ್ಬರು ಸದ್ದಾಗದಂತೆ ಹತ್ತುತ್ತಿದ್ದಾರೆ. ಬೆನ್ನ ಮೇಲೆ ಉದ್ದನೆಯ ಕಪ್ಪು ಚೀಲ. ಕೆಳಗೆ ಹಾಲಿನ ವ್ಯಾನು ಎಂಜಿನ್ ಆರಿಸದೆ ನಿಂತಿದೆ. ಮಹಡಿಯ ಬಾಗಿಲು ತೆರೆದ ಮೇಲೆ ವ್ಯಾನಿನ ಚಾಲಕ ಎರಡು ಸಲ ದೀಪ ಮಿಟುಕಿಸಿ ಹೊರಡುತ್ತಾರೆ. ಅವರು ಈಕೆಯ ಯಜಮಾನರು. ಹೆಂಡತಿಯನ್ನು ಇಲ್ಲಿ ಇಳಿಸಿದ ಮೇಲೇ ಅವರ ಹಾಲಿನ ಸುತ್ತು ಶುರು.

ಮಹಡಿಯಲ್ಲಿರುವುದು ಎರಡು ಕೋಣೆಯ ಧ್ವನಿಮುದ್ರಣ ಸ್ಟುಡಿಯೋ. ಗೋಡೆಗೆಲ್ಲ ಹಳೆಯ ಹಾಸಿಗೆ, ಕಂಬಳಿ ಹೊಡೆದಿದ್ದಾರೆ. ಸರಿಯಾಗಿ ಏಳು ಗಂಟೆಗೆ ಕೆಳಗಿನ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಶುರುವಾದರೆ ನೆಲವೇ ನಡುಗುತ್ತದೆ. ಹಾಗಾಗಿ ಇಲ್ಲಿ ಹಾಡುಗಳು ಹುಟ್ಟುವುದೇನಿದ್ದರೂ ಅದಕ್ಕೆ ಮುಂಚೆ. ಧ್ವನಿಮುದ್ರಕ ಕಣ್ಣುಜ್ಜುತ್ತ ಕಾಫಿ ಬಗ್ಗಿಸುತ್ತಾನೆ. ಬಂದವರು ಚೀಲದ ಜಿಪ್ಪನ್ನೂ ಮುಟ್ಟುವುದಿಲ್ಲ.

"ಮೊದಲು ಹಾಡು ಹಾಕಪ್ಪ. ಕೇಳಿಸ್ಕೊಳ್ಳದೆ ಬಾಯಿ ಹಾಕಬಾರದು."

ಕಣ್ಣು ಮುಚ್ಚಿ ಮೂರು ಸಲ ಕೇಳುತ್ತಾರೆ. ಮೂರನೆಯ ಸಲ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನಿಂದ ಒಂದು ಸಾಲು ಅಕ್ಷರ ಬರೆದು, ಒಂದೊಂದರ ಕೆಳಗೂ ಮೂರು ಮೂರು ಸ್ವರ ಗುರುತಿಸಿ, ಅದರಲ್ಲಿ ಒಂದಕ್ಕೆ ಸುತ್ತು ಹಾಕುತ್ತಾರೆ. ಆಮೇಲೆ ಬೇಸ್ ಗಿಟಾರು ಹೊರಬರುತ್ತದೆ. ನಾಲ್ಕೂವರೆ ಕಿಲೋ ತೂಕ, ನಾಲ್ಕೇ ತಂತಿ, ಒಂದೊಂದೂ ಹಗ್ಗದಷ್ಟು ದಪ್ಪ. ಸಂಗೀತ ಬಳಗದಲ್ಲಿ ಇವರನ್ನು ಎಲ್ಲರೂ ಕರೆಯುವುದು "ದಪ್ಪತಂತಿ ಅಕ್ಕ" ಎಂದು. ಆಳು ನೋಡಿದರೆ ಆ ತಂತಿಗಿಂತಲೂ ಸಣ್ಣ.

ಅವರು ಎಡಗೈಯನ್ನು ಗಿಟಾರಿನ ಕತ್ತಿನ ಮೇಲಿಟ್ಟಾಗಲೇ ಆ ಕೈಯ ಸ್ಥಿತಿ ನೋಡಿದವರ ಕಣ್ಣಿಗೆ ಬೀಳುವುದು. ಕಿರುಬೆರಳು ಅರ್ಧವೇ ಇದೆ. ಉಂಗುರದ ಬೆರಳು ಮರದ ತುಂಡಿನಂತೆ ಸೆಟೆದು ನಿಂತಿದೆ. ಕೆಲಸಕ್ಕೆ ಉಳಿದಿರುವುದು ತೋರುಬೆರಳು ಮತ್ತು ನಡುಬೆರಳು, ಎರಡೇ.

ಎರಡನೇ ಸಲಕ್ಕೇ ಹಾಡು ಮುಗಿಯುತ್ತದೆ. ಧ್ವನಿಮುದ್ರಕನಿಗೆ ಒಂದು ಚಟವಿದೆ. ಹೊಸಬರು ಯಾರೇ ಬಂದರೂ ಅಕ್ಕ ನುಡಿಸಿದ್ದನ್ನು ಮುಚ್ಚಿ, ಮಿಕ್ಕ ಹಾಡನ್ನು ಕೇಳಿಸುತ್ತಾನೆ. ಗಾಯಕ ಇದ್ದಾನೆ, ತಾಳವಿದೆ, ಕೀಬೋರ್ಡ್ ಇದೆ. ಆದರೂ ಹಾಡು ಸೂತ್ರ ಕಿತ್ತ ಗಾಳಿಪಟದ ಹಾಗೆ ಅತ್ತಿತ್ತ ತೂರಾಡುತ್ತದೆ. ಮತ್ತೆ ಗುಂಡಿ ಒತ್ತುತ್ತಾನೆ. ಅಕ್ಕನ ಸ್ವರ ಬಂದು ಸೇರಿದ ಕ್ಷಣ ಗಾಯಕನ ದನಿಗೆ ಕೂಡ ಏನೋ ಧೈರ್ಯ ಬಂದಂತಾಗುತ್ತದೆ. ಹಾಡಿದ್ದು ಅದೇ ದನಿ, ಅದೇ ಸಾಲು! ಧ್ವನಿಮುದ್ರಕ ಹುಬ್ಬೇರಿಸಿ ನಗುತ್ತಾನೆ. "ಹದಿನಾರು ವರ್ಷದಿಂದ ಈ ಗುಂಡಿ ಒತ್ತುತಾ ಇದ್ದೀನಿ. ಇವತ್ತಿಗೂ ಮೈ ಜುಮ್ಮನ್ನುತ್ತೆ."

ಅಕ್ಕನನ್ನು ಕೇಳಿದರೆ ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಹಾಡಿನ ಹಿಂದೆ ಕೀಬೋರ್ಡಿನವರು ಒಟ್ಟಿಗೆ ಒತ್ತುವುದು ಸ್ವರಗಳ ಗೊಂಚಲು. ಬಳಗದವರ ಬಾಯಲ್ಲಿ ಅದೇ ಕಾರ್ಡ್. ಸಾಮಾನ್ಯವಾಗಿ ಒಂದು ಗೊಂಚಲಲ್ಲಿ ಮೂರು ಸ್ವರ. ಮೂಲಸ್ವರ, ಅಲ್ಲಿಂದ ಎಣಿಸಿದರೆ ಮೂರನೆಯದು, ಮತ್ತೆ ಐದನೆಯದು. ಅಕ್ಕ ನುಡಿಸುವುದು ಆ ಮೂರನ್ನೇ, ಬಿಡಿಬಿಡಿಯಾಗಿ.

"ಮೂಲ ಅಂದ್ರೆ ನಿಂತಿರೋ ನೆಲ. ಐದನೇದು ಒರಗೋಕೆ ಗೋಡೆ. ಮೂರನೇದು ಮುಖ ಕಣ್ರೀ. ಹಾಡು ನಗ್ತಾ ಇದೆಯೋ ಅಳ್ತಾ ಇದೆಯೋ ಹೇಳೋದು ಅದೊಂದೇ. ಮುಖ ನೋಡದೆ ಮಾತಾಡಿಸಿದ್ರೆ ಏನಾಗುತ್ತೆ? ಮದುವೆ ಮನೇಲಿ ಗೋಳೋ ಅಂತ ಅತ್ತ ಹಾಗಾಗುತ್ತೆ." ಹಾಳೆಯ ಮೇಲೆ ಅವರು ಸುತ್ತು ಹಾಕಿದ್ದು ಆ ಮೂರನೆಯದಕ್ಕೆ.

ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಹೋಗುವಾಗಿನ ಕುಶಲತೆಯನ್ನೂ ತೋರಿಸುತ್ತಾರೆ. ಗೊಂಚಲಿಗೆ ಅದರ ಮೂಲಸ್ವರದ ಇಂಗ್ಲಿಷ್ ಅಕ್ಷರವೇ ಹೆಸರು. ಸಿ ಗೊಂಚಲಿನ ಮೂಲದಿಂದ ಎಫ್ ಗೊಂಚಲಿನ ಮೂಲಕ್ಕೆ ನೇರ ಜಿಗಿಯುತ್ತಾರೆ. ಸರಿಯಾಗಿಯೇ ಇದೆ, ಆದರೆ ಧೊಪ್ಪನೆ ಬಿದ್ದ ಹಾಗಿದೆ. ಈಗ ಸಿ ನುಡಿಸಿ, ಅದರ ಐದನೆಯದಾದ ಜಿ ಮುಟ್ಟಿ, ಮೂರನೆಯದಾದ ಇ ಮೇಲೆ ಒಂದು ಗಳಿಗೆ ನಿಂತು ಎಫ್‌ಗೆ ಕಾಲಿಡುತ್ತಾರೆ. ಕೇಳುವವರ ತಲೆ ತಾನಾಗಿ ಆಡುತ್ತದೆ. "ಇ, ಎಫ್ ಅಕ್ಕಪಕ್ಕದ ಮನೆ. ಮಧ್ಯೆ ಗೋಡೆ ಒಂದೇ. ಹಿತ್ತಲಿಂದ ಹಿತ್ತಲಿಗೆ ದಾಟಿದ್ರೆ ಬೀದಿ ಸುತ್ತೋದು ತಪ್ಪುತ್ತಲ್ಲ!"

ಹಗಲು ಹತ್ತರಿಂದ ಆರರವರೆಗೆ ಅಕ್ಕನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಬೇಸ್ ಹಿಡಿದು ಮೂವತ್ತೊಂದು ವರ್ಷವಾಯಿತು. ಆಗ ಅವರಿಗೆ ಇಪ್ಪತ್ತೊಂದು. ಅಣ್ಣನ ವಾದ್ಯತಂಡದಲ್ಲಿ ಬೇಸ್ ನುಡಿಸುತ್ತಿದ್ದವನು ಮುನಿಸಿಕೊಂಡು ಹೋದ. ಆ ಜಾಗಕ್ಕೆ ಬರಲು ಯಾರಿಗೂ ಮನಸ್ಸಿಲ್ಲ. ಹಿಂದೆ ನಿಲ್ಲುವ ವಾದ್ಯ ಯಾರಿಗೆ ಬೇಕು? "ನಾಲ್ಕೇ ತಂತಿ, ನೀನೇ ನುಡಿಸು" ಎಂದು ಅಣ್ಣ ತಂಗಿಯ ಕೊರಳಿಗೆ ಪಟ್ಟಿ ಹಾಕಿದರು.

ತಂಗಿ ಏನು ಸಾಮಾನ್ಯಳೇ? ಎರಡೇ ವರ್ಷದಲ್ಲಿ ಗಿಟಾರಿನ ಕತ್ತಿನ ಮೇಲೆ ಕುದುರೆ ಓಡಿಸತೊಡಗಿದಳು. ಒಂದು ಸ್ವರ ಸಾಕಾಗುವ ಕಡೆ ಎಂಟು. ಕೈ ಎಲ್ಲಿಂದೆಲ್ಲಿಗೆ ಹಾರುತ್ತದೆಂದು ಜನ ಬಾಯಿ ಬಿಟ್ಟು ನೋಡುತ್ತಿದ್ದರಂತೆ. ತಂಡದ ಕೀಬೋರ್ಡ್ ವಾದಕರು ಮಾತ್ರ ತಲೆ ಚಚ್ಚಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರು ಮೇಷ್ಟ್ರು. "ಅಮ್ಮಾ ತಾಯಿ, ಮಾತು ಬಂಡಿಯಷ್ಟು, ವಿಷಯ ಚಿಟಿಕೆಯಷ್ಟು. ಗಾಯಕರಿಗೆ ಉಸಿರಾಡೋಕಾದ್ರೂ ಜಾಗ ಬಿಡು" ಎನ್ನುತ್ತಿದ್ದರು. ಅಕ್ಕನಿಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕೇಳುತ್ತಿತ್ತು.

ಹದಿನೆಂಟು ವರ್ಷದ ಹಿಂದೆ ಒಂದು ಕಾರ್ಯಕ್ರಮ ಮುಗಿಸಿ ಸ್ಪೀಕರ್ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದಾಗ ಒಂದು ಪೆಟ್ಟಿಗೆ ಜಾರಿತು. ಹಿಡಿಯಲು ಹೋದ ಎಡಗೈ ಪೆಟ್ಟಿಗೆಗೂ ವ್ಯಾನಿನ ಬಾಗಿಲಿಗೂ ನಡುವೆ ಸಿಕ್ಕಿತು. ಎರಡು ಶಸ್ತ್ರಚಿಕಿತ್ಸೆ ಆಯಿತು. ಕೆಲಸ ಮಾಡುವಷ್ಟು ಹಿಡಿತ ಬರುತ್ತದೆ, ಗಿಟಾರನ್ನು ಮಾತ್ರ ಮರೆತುಬಿಡಿ ಎಂದರು ಡಾಕ್ಟರು. ಕಪ್ಪು ಚೀಲ ಬೀರುವಿನ ಮೇಲೇರಿ ಗೋಡೆ ಕಡೆ ಮುಖ ಮಾಡಿ ಕೂತಿತು.

"ಏಳು ತಿಂಗಳು ಮನೇಲಿ ಯಾರೋ ತೀರಿಕೊಂಡ ಹಾಗಿತ್ತು" ಎನ್ನುತ್ತಾರೆ ಯಜಮಾನರು. "ನನಗೆ ಹಾರ್ನ್ ಬಿಟ್ರೆ ಬೇರೆ ಸಂಗೀತ ಗೊತ್ತಿಲ್ಲ. ಆದ್ರೆ ಇವಳು ರೇಡಿಯೋ ಆರಿಸಿಬಿಡೋಳು ನೋಡಿ, ಆಗ ಹೆದರಿಕೆ ಆಯ್ತು. ಚೀಲದ ಧೂಳು ಒರೆಸೋಕೂ ಬಿಡ್ತಿರಲಿಲ್ಲ."

ಒಂದು ಮಧ್ಯಾಹ್ನ ಮೇಷ್ಟ್ರು ಮನೆಗೆ ಬಂದರು. ನೀರು ಕೂಡ ಕೇಳದೆ ಸ್ಟೂಲು ಎಳೆದುಕೊಂಡು, ಅರವತ್ತರ ವಯಸ್ಸಿನಲ್ಲಿ ತಾವೇ ಅದರ ಮೇಲೆ ಹತ್ತಿ ಚೀಲ ಇಳಿಸಿದರು. ಆ ದಿನದ ಮಾತು ಅಕ್ಕನಿಗೆ ಅಕ್ಷರಶಃ ನೆನಪಿದೆ.

"ಎಷ್ಟು ಬೆರಳು ಉಳಿದಿವೆ?"

"ಎರಡು, ಮೇಷ್ಟ್ರೇ. ನೋಯಿಸಬೇಡಿ, ಮೇಲಿಡಿ ಅದನ್ನ."

"ಒಂದು ಗೊಂಚಲಿಗೆ ಎಷ್ಟು ಸ್ವರ?"

"ಮೂರು."

"ಹತ್ತು ಬೆರಳಿದ್ದಾಗ ನೀನು ಮೂವತ್ತು ನುಡಿಸ್ತಿದ್ದೆ. ಬೇಕಾಗಿದ್ದದ್ದು ಮೂರು. ಎರಡು ಬೆರಳಿಗೆ ಆ ಮೂರು ಸಿಗುತ್ತಾ ಇಲ್ವಾ ನೋಡಿ ಹೇಳು. ಸಿಗದಿದ್ರೆ ನಾನೇ ಮತ್ತೆ ಮೇಲಿಡ್ತೀನಿ."

ಸಿಟ್ಟಿನಲ್ಲೇ ಅಕ್ಕ ಗಿಟಾರು ತೊಡೆಯ ಮೇಲಿಟ್ಟುಕೊಂಡರು. ನಡುಬೆರಳನ್ನು ಮೂಲಸ್ವರದ ಮೇಲೆ ಒತ್ತಿದರು. ಪಕ್ಕದ ಸಣ್ಣ ತಂತಿಯಲ್ಲಿ, ಕತ್ತಿನ ಅಡ್ಡಪಟ್ಟಿಗಳಲ್ಲಿ ಒಂದೇ ಪಟ್ಟಿ ಹಿಂದೆ, ತೋರುಬೆರಳು ತಾನಾಗಿ ಬೀಳುವ ಜಾಗದಲ್ಲೇ ಮೂರನೆಯ ಸ್ವರ ಕೂತಿತ್ತು. ಐದನೆಯದು? ನಡುಬೆರಳನ್ನು ಅದೇ ಪಟ್ಟಿಯಲ್ಲಿ ಈಚಿನ ದಪ್ಪ ತಂತಿಗೆ ಹೊರಳಿಸಿದರೆ ಸಾಕು, ಅಲ್ಲೇ ಇತ್ತು. ಅಳುವ ಗೊಂಚಲಾದರೆ ತೋರುಬೆರಳನ್ನು ಇನ್ನೊಂದು ಪಟ್ಟಿ ಹಿಂದಕ್ಕೆ ಎಳೆದರಾಯಿತು. ಹದಿಮೂರು ವರ್ಷ ಅದರ ಮೇಲೆ ಓಡಾಡಿದ್ದವರಿಗೆ ಎಲ್ಲವೂ ಒಂದು ಅಂಗೈಯಗಲದಲ್ಲಿದೆ ಎಂದು ಗೊತ್ತಾದದ್ದು ಅವತ್ತು. "ಗಿಟಾರಿನ ಮೇಲೇ ತಲೆಯಿಟ್ಟು ಅತ್ತುಬಿಟ್ಟೆ. ಮೇಷ್ಟ್ರು ಮಾತ್ರ, ಅಳೋದಾದ್ರೆ ಶ್ರುತಿಗೆ ಅಳು ಅಂದ್ರು."

ಮೂರು ತಿಂಗಳು ಹಿಡಿಯಿತು. ತಂಡ ನುಡಿಸುತ್ತಿದ್ದ ನೂರ ಅರವತ್ತು ಹಾಡುಗಳ ಗೊಂಚಲುಗಳನ್ನೆಲ್ಲ ಬರೆದು, ಬಾಯಲ್ಲಿ ಹಾಡಿ, ಆಮೇಲೆ ಕೈಗೆ ಕಲಿಸಿದರು. ಬೆರಳ ತುದಿ ಒಡೆದು ರಕ್ತ ಬಂದ ದಿನ ಗಾಯನ ಮಾತ್ರ, ವಾದನ ಇಲ್ಲ. ಮರಳಿ ವೇದಿಕೆ ಹತ್ತಿದಾಗ ಮೊದಲಿನ ಕುದುರೆ ಓಟ ಇರಲಿಲ್ಲ. ಜನರ ಕಣ್ಣು ಅವರ ಕಡೆ ತಿರುಗುವುದೂ ನಿಂತಿತು. ಆದರೆ ಗಾಯಕರು ಹಾಡುವ ಮೊದಲು ಒಮ್ಮೆ ಹಿಂತಿರುಗಿ ಅಕ್ಕ ಬಂದಿದ್ದಾರಾ ಎಂದು ನೋಡಿಕೊಳ್ಳಲು ಶುರುಮಾಡಿದರು.

ಆರು ವರ್ಷದ ಹಿಂದಿನ ಒಂದು ಭಾನುವಾರದ ಸಂಜೆಯನ್ನು ಈ ಬಳಗದಲ್ಲಿ ಯಾರೂ ಮರೆತಿಲ್ಲ. ಎಂಟುನೂರು ಕುರ್ಚಿಯ ಸಭಾಂಗಣ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಹದಿನಾಲ್ಕು ತಿಂಗಳು ಮೌನವಾಗಿದ್ದ ಗಾಯಕಿ ಅಂದು ಮೊದಲ ಸಲ ಮೈಕಿನ ಮುಂದೆ ನಿಂತಿದ್ದರು. ಜೊತೆಗೆ ಮೇಷ್ಟ್ರ ಕೀಬೋರ್ಡ್, ಒಬ್ಬ ಡ್ರಮ್ ವಾದಕ, ಅಕ್ಕ. ಮೊದಲ ಹಾಡಿನ ಎರಡು ಸಾಲು ದಾಟಿತ್ತಷ್ಟೆ, ಕೀಬೋರ್ಡ್ ಸತ್ತುಹೋಯಿತು. ಮೇಷ್ಟ್ರು ಗುಂಡಿಗಳನ್ನು ಒತ್ತುತ್ತಲೇ ಇದ್ದಾರೆ, ಸದ್ದೇ ಇಲ್ಲ.

"ಕಾಲ ಕೆಳಗಿನ ನೆಲ ಕುಸಿದ ಹಾಗಾಯ್ತು" ಎಂದು ನೆನೆಯುತ್ತಾರೆ ಆ ಗಾಯಕಿ. "ನಿಲ್ಲಿಸಿದ್ರೆ ಮತ್ತೆ ಬಾಯಿ ತೆರೆಯೋ ಧೈರ್ಯ ನನಗೆ ಜನ್ಮದಲ್ಲಿ ಬರ್ತಿರಲಿಲ್ಲ. ಯಾವ ಸ್ವರ ಹಿಡೀಬೇಕು ಅಂತಲೇ ತಿಳೀತಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅಕ್ಕ ಶುರುಮಾಡಿದ್ರು."

ಅಕ್ಕ ಮಾಡಿದ್ದಿಷ್ಟು. ಆ ಹಾಡಿನಲ್ಲಿ ಅಲ್ಲಿಯತನಕ ಬರೀ ಮೂಲಸ್ವರ ನುಡಿಸುತ್ತಿದ್ದವರು, ಪ್ರತಿ ಗೊಂಚಲನ್ನೂ ಒಂದೊಂದೇ ಕಾಯಿ ಬಿಡಿಸಿಟ್ಟಂತೆ ನುಡಿಸತೊಡಗಿದರು. ಮೂಲ, ಮೂರನೆಯದು, ಐದನೆಯದು. ಗಾಯಕಿ ಉಸಿರೆಳೆದುಕೊಳ್ಳುವಾಗ ಮುಂದಿನ ಸಾಲಿಗೆ ಬೇಕಾದ ಸ್ವರ ಅವರ ಕಿವಿಯಲ್ಲಿರುವಂತೆ ನೋಡಿಕೊಂಡರು. ಡ್ರಮ್ ವಾದಕ ಕೈ ಹಗುರ ಮಾಡಿದ. ನಾಲ್ಕು ನಿಮಿಷ, ಎರಡು ಬೆರಳು. ಕೇಳುವವರ ಕಿವಿ ಆ ಬಿಡಿ ಸ್ವರಗಳನ್ನು ತಾನೇ ಕೂಡಿಸಿಕೊಂಡು, ಯಾರೂ ನುಡಿಸದ ಗೊಂಚಲುಗಳನ್ನು ಕೇಳಿತು. ಮೊದಲ ಸಾಲುಗಳಲ್ಲಿ ನಡುಗುತ್ತಿದ್ದ ಗಾಯಕಿಯ ದನಿ ಕೊನೆಯ ಚರಣದಲ್ಲಿ ಮೇಲೇರಿ ನಿಂತಿತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಆಮೇಲೆ ನಡೆದದ್ದನ್ನು ಹೇಳುವಾಗ ಅಕ್ಕನಿಗೆ ನಗು ತಡೆಯುವುದಿಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ವೇದಿಕೆಗೇ ಬಂದು ಮೇಷ್ಟ್ರ ಕೈ ಕುಲುಕಿ, "ಎಂಥಾ ಕೀಬೋರ್ಡ್ ನುಡಿಸಿದ್ರಿ ಸ್ವಾಮಿ!" ಎಂದರಂತೆ. ಮೇಷ್ಟ್ರು ಕೆಂಪಾಗಿ ಹಿಂದಕ್ಕೆ ಬೆರಳು ತೋರಿಸುವಷ್ಟರಲ್ಲಿ ಅವರು ಇಳಿದು ಹೋಗಿದ್ದರು. ಮೇಷ್ಟ್ರಿಗೆ ಈಗ ಎಪ್ಪತ್ತೆಂಟು. "ನಾನು ಹೇಳಿಕೊಟ್ಟದ್ದು ಮೂರು ಸ್ವರದ ಲೆಕ್ಕ ಅಷ್ಟೆ" ಎನ್ನುತ್ತಾರೆ. "ಅವತ್ತು ಅವಳು ಮಾಡಿದ್ದು ನನಗೆ ಬರಲ್ಲ. ನನ್ನ ಕೀಬೋರ್ಡ್ ಬದುಕಿದ್ದಾಗಲೂ ಅಷ್ಟು ಚೆನ್ನಾಗಿ ಕೇಳಿಸಿದ್ದಿಲ್ಲ."

ಧ್ವನಿಮುದ್ರಕನ ಪ್ರಕಾರ ಅಕ್ಕ ನುಡಿಸಿದ ಹಾಡುಗಳು ಎರಡು ಸಾವಿರದ ಏಳುನೂರು ದಾಟಿವೆ. ಹೆಸರು ಅಚ್ಚಾಗಿರುವುದು ಹನ್ನೊಂದರಲ್ಲಿ. ಮೂರರಲ್ಲಿ ಅಕ್ಷರ ತಪ್ಪು, ಒಂದರಲ್ಲಿ ಗಂಡಸಿನ ಹೆಸರು. ದಿನಕ್ಕೆ ನಲವತ್ತು ನಿಮಿಷದ ಅಭ್ಯಾಸ ಇಂದಿಗೂ ತಪ್ಪಿಲ್ಲ. ಎರಡು ತಿಂಗಳಿಗೊಮ್ಮೆ ತಂತಿಗಳನ್ನು ಬಿಚ್ಚಿ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಕುದಿಸುತ್ತಾರೆ. ಜಿಡ್ಡು ಬಿಟ್ಟು ನಾದ ಮರಳುತ್ತದೆ. ಕಿವಿ ಅಷ್ಟಾಗಿ ಕೇಳದ ಅತ್ತೆ ಒಮ್ಮೆ ಆ ಪಾತ್ರೆಯ ಮುಚ್ಚಳ ತೆಗೆದು, "ಇದನ್ನ ಯಾವ ದೇಶದಲ್ಲಿ ತಿಂತಾರೆ?" ಎಂದಿದ್ದು ಮನೆಯಲ್ಲಿ ಇನ್ನೂ ಓಡಾಡುವ ನಗೆಮಾತು. ಅದೇ ಅತ್ತೆ, ಸೊಸೆ ಅಭ್ಯಾಸಕ್ಕೆ ಕೂತಾಗ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಗಾಯಕರ ದನಿ ಅವರಿಗೆ ಮುಟ್ಟುವುದಿಲ್ಲ, ಸೊಸೆಯದು ಮುಟ್ಟುತ್ತದೆ.

ಭಾನುವಾರ ಬೆಳಗ್ಗೆ ಮನೆಯಲ್ಲಿ ಹನ್ನೊಂದು ಜನ ಶಿಷ್ಯರು. ಮೊದಲ ಮೂರು ತಿಂಗಳು ಗಿಟಾರು ಮುಟ್ಟುವಂತಿಲ್ಲ. ಪ್ರತಿ ಗೊಂಚಲಿನ ಮೂರು ಸ್ವರಗಳನ್ನು ಬಾಯಲ್ಲಿ ಹಾಡಬೇಕು. ಅರ್ಧಕ್ಕರ್ಧ ಜನ ಓಡಿಹೋಗುತ್ತಾರೆ. ಉಳಿದವರಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರು ಈಗ ಮೂರನೆಯ ಸ್ವರವನ್ನು ಎಲ್ಲಿಡಬೇಕೆಂದು ಅಕ್ಕನಿಗೇ ಸಲಹೆ ಕೊಡುವಷ್ಟು ಬೆಳೆದಿದ್ದಾರೆ. ಅವರ ಬಗ್ಗೆ ಹೇಳುವಾಗ ಅಕ್ಕನ ಕಣ್ಣಲ್ಲಿ ಹೊಳಪು.

ಮುಂದೇನು ಆಸೆ ಎಂದರೆ ಅಕ್ಕ ಮೊದಲು ಕೈಯಾಡಿಸಿ ಬಿಡುತ್ತಾರೆ. ಕೆಳಗೆ ಟೈರ್ ಅಂಗಡಿಯ ಯಂತ್ರ ಗುರ್ರೆಂದು ಎದ್ದಿದೆ. ಚೀಲದ ಜಿಪ್ಪು ಎಳೆಯುತ್ತ, ಯಾರಿಗೋ ಗುಟ್ಟು ಹೇಳುವವರಂತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ:

"ಮೂವತ್ತೊಂದು ವರ್ಷ ಊರೆಲ್ಲಾ ಕುಣಿಯೋದನ್ನ ಹಿಂದೆ ನಿಂತು ನೋಡಿದ್ದೀನಿ. ಒಂದ್ಸಲ ನಾನೂ ಜನದ ಮಧ್ಯೆ ನಿಂತು ಕುಣೀಬೇಕು. ಆದ್ರೆ ಅವತ್ತು ನನ್ನ ನರ್ಸಮ್ಮನೇ ಬೇಸ್ ನುಡಿಸಬೇಕು. ಬೇರೆಯವರಾದ್ರೆ ನನ್ನ ಕಾಲು ಏಳಲ್ಲ."