ಕಾಳು ಹುಡುಕುವ ಅಸ್ಕಾಲೆಗೆ ಎತ್ತಿನ ಪಾಲು

ಇಥಿಯೋಪಿಯದ ಶೆವಾ ಬೆಟ್ಟಸೀಮೆಯ ಈ ಸಣ್ಣ ಊರಿನಲ್ಲಿ ಬೆಳಕು ಹರಿಯುವ ಮೊದಲೇ ಅಸ್ಕಾಲೆ ದೆಮೆಲಾಶ್ ಕೊಯ್ದ ಎತ್ತಿನ ದವಡೆಗೆ ಕತ್ತಿ ಹಾಕುತ್ತಾರೆ. ಎರಡೂ ಕೆನ್ನೆಗೆ ಒಂದೊಂದು ಸೀಳು, ನಾಲಿಗೆಗೆ ಒಂದು, ಹೃದಯಕ್ಕೆ ಎರಡು, ಭುಜಕ್ಕೆ ಮೂರು. ಸೀಳಿದಲ್ಲೆಲ್ಲ ಹೆಬ್ಬೆರಳಿನಿಂದ ಒತ್ತಿ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಬೆಂದ ಸಬ್ಬಕ್ಕಿಯಂಥ ಗುಳ್ಳೆ, ನಡುವೆ ಬಿಳಿ ಚುಕ್ಕೆ ಕಂಡರೆ ಅದು ಲಾಡಿಹುಳುವಿನ ಮರಿ; ಇವರ ಬಾಯಲ್ಲಿ 'ಕಾಳು'. ಹಸಿಯಾಗಿ ತಿಂದವನ ಹೊಟ್ಟೆಯಲ್ಲಿ ಮೊಳಗಟ್ಟಲೆ ಬೆಳೆಯುತ್ತದೆ.

"ಭುಜಾನಾದ್ರೂ ಬಿಡು ತಾಯಿ! ಈ ಎತ್ತು ಯುದ್ಧಕ್ಕೆ ಹೋಗಿತ್ತಾ ಅಂತ ಗಿರಾಕಿಗಳು ಕೇಳ್ತಾರೆ," ಎಂದು ಕಟುಕ ಗೊರ್ಫು ಗೋಳಾಡುತ್ತಾರೆ.

"ಗೆದ್ದು ಬಂತು ಅನ್ನು," ಎನ್ನುತ್ತ ಅಸ್ಕಾಲೆ ಮೂರನೆಯ ಸೀಳು ಹಾಕುತ್ತಾರೆ.

ಇವರು ಪುರಸಭೆಯ ಕಸಾಯಿಖಾನೆಯ ಮಾಂಸ ಪರೀಕ್ಷಕಿ. ವಯಸ್ಸು ಐವತ್ತಮೂರು, ಕತ್ತಿ ಹಿಡಿದು ಇಪ್ಪತ್ತೆರಡು ವರ್ಷ. ದಿನಕ್ಕೆ ಹದಿನೆಂಟು ಎತ್ತು, ಹಬ್ಬದ ಹಿಂದಿನ ದಿನ ಅರವತ್ತು. ಒಂದೆರಡು ಕಾಳು ಸಿಕ್ಕರೆ 'ಬೇಯಿಸಲು ಮಾತ್ರ' ಎಂಬ ಮುದ್ರೆ, ಮೈತುಂಬ ಇದ್ದರೆ ಇಡೀ ಎತ್ತು ಮಣ್ಣುಪಾಲು. ಹಸಿಮಾಂಸವನ್ನು ಖಾರದ ಪುಡಿಯಲ್ಲಿ ಅದ್ದಿ ತಿನ್ನದಿದ್ದರೆ ಹಬ್ಬವೇ ಅಲ್ಲ ಎನ್ನುವ ಊರಿನಲ್ಲಿ ಇಂಥ ಮುದ್ರೆ ಒತ್ತುವವರನ್ನು ಯಾರು ಮೆಚ್ಚುತ್ತಾರೆ? ಹುಳ ಬಂದರೆ ಕೊಸ್ಸೊ ಮರದ ಹೂವಿನ ಕಹಿ ಕಷಾಯ ಇದ್ದೇ ಇದೆ. ಕುಡಿದವನು ಆ ದಿನ ಮನೆ ಬಿಟ್ಟು ಹೊರಡುವುದಿಲ್ಲ. ಯಾಕೆಂದು ಯಾರೂ ಕೇಳುವುದಿಲ್ಲ.

ಆದರೆ ಅಸ್ಕಾಲೆಯ ನಿಜವಾದ ಕಷ್ಟ ಇರುವುದು ಅವರ ಕೇರಿಯಲ್ಲಿ. ಮಾಂಸ ಮುಟ್ಟದ ಐವತ್ತೈದು ದಿನದ ಉಪವಾಸ ಮುಗಿಯುವ ಈಸ್ಟರ್ ಹಬ್ಬಕ್ಕೆ ಹತ್ತು ಹನ್ನೆರಡು ಮನೆಯವರು ಸೇರಿ ಎತ್ತು ತಂದು, ಹಿತ್ತಿಲಲ್ಲೇ ಕೊಯ್ದು ಪಾಲು ಮಾಡಿಕೊಳ್ಳುತ್ತಾರೆ. ಒಂಬತ್ತು ವರ್ಷದ ಹಿಂದೆ ಅಸ್ಕಾಲೆ ಆ ಎತ್ತಿನಲ್ಲಿ ನಾಲ್ಕು ಕಾಳು ತೋರಿಸಿದರು. ಅಂದಿನಿಂದ ಇವರು ಕೇಳಲು ಹೋದಾಗಲೆಲ್ಲ ಪಾಲಿನ ಪಟ್ಟಿ ಭರ್ತಿ.

"ಅಂಗಡೀಲಿ ಮಾಂಸ ಸಿಗಲ್ವಾ? ಸಿಗತ್ತೆ. ಆದ್ರೆ ಗೋಡೆ ಆಚೆ ಎಲ್ರೂ ನಗ್ತಿರುವಾಗ ಒಬ್ಬಳೇ ಕೂತು ಅಗಿದ್ರೆ ಗಂಟಲಲ್ಲಿ ಇಳಿಯಲ್ಲ," ಎನ್ನುತ್ತಾರೆ.

ಈ ವರ್ಷ ಕೇರಿಯ ಹಿರಿಯಳು ಬಾಫೆನಾ ಅಜ್ಜಿ ಮನಸ್ಸು ಕರಗಿ ಹೆಸರು ಸೇರಿಸಿದ್ದಾರೆ. ಕರಾರು ಎರಡೇ. ಕತ್ತಿ ತರಬಾರದು, ಬಾಯಿ ಬಿಡಬಾರದು.

ಹಬ್ಬದ ಬೆಳಿಗ್ಗೆ ಅಸ್ಕಾಲೆ ಬಿಳಿ ಬಟ್ಟೆಯುಟ್ಟು, ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಅಜ್ಜಿಯ ಹಿತ್ತಿಲಲ್ಲಿ ಕೂತಿದ್ದಾರೆ. ಹಸಿಮಾಂಸದ ತಟ್ಟೆ ಬಂದಿದೆ. ಯಾರೂ ಕೈ ಹಾಕುತ್ತಿಲ್ಲ. ಹನ್ನೊಂದು ಮನೆಯ ಜನ ಇವರ ಮುಖವನ್ನೇ ನೋಡುತ್ತಿದ್ದಾರೆ.

"ಯಾಕೆ ಹಂಗೆ ನೋಡ್ತೀಯ?" ಪಕ್ಕದ ಮನೆಯ ವೊಂದಿಫ್ರಾವ್ ಮೇಷ್ಟ್ರು ತುಂಡನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಕೇಳುತ್ತಾರೆ.

"ನಾನು ಆಕಾಶ ನೋಡ್ತಿದೀನಿ ಮೇಷ್ಟ್ರೇ."

"ಹುಬ್ಬು ಎತ್ತಿದೆ!"

"ಹುಟ್ಟಿದಾಗಿಂದ ಹಾಗೇ ಇದೆ."

ಮೇಷ್ಟ್ರು ತುಂಡನ್ನು ತಟ್ಟೆಗೆ ವಾಪಸು ಇಡುತ್ತಾರೆ. "ಇವಳು ಮಾತಾಡಿದ್ರೇ ವಾಸಿ ಕಣಜ್ಜೀ. ಸುಮ್ನಿದ್ರೆ ಇನ್ನೂ ಭಯ."

ಅಜ್ಜಿ ಈರುಳ್ಳಿ ಹೆಚ್ಚುವ ಚಾಕು ಚಾಚುತ್ತಾರೆ. "ತಗೋ, ಕೊಯ್ಯಿ. ಹಬ್ಬ ಹಾಳು ಮಾಡಿಯಾದ್ರೂ ನೆಮ್ಮದಿಯಾಗಿರು."

ಕೆನ್ನೆ ಚೊಕ್ಕ. ನಾಲಿಗೆ ಚೊಕ್ಕ. ಹೃದಯದ ಎರಡನೆಯ ಸೀಳಿನಲ್ಲಿ ಒಂದು ಕಾಳು. ಒಂದೇ ಒಂದು, ಹೆಬ್ಬೆರಳಿನ ಕೆಳಗೆ ಅಡಗಿಹೋಗುವಷ್ಟು. ಬೆರಳು ಎತ್ತದಿದ್ದರೆ ಮುಂದಿನ ವರ್ಷವೂ ಪಾಲು ಖಾಯಂ. ಅಸ್ಕಾಲೆ ಬೆರಳು ಎತ್ತುತ್ತಾರೆ.

"ಬೇಯಿಸಬೇಕು."

ಹಿತ್ತಿಲು ಒಮ್ಮೆಗೇ ಕಿರುಚುತ್ತದೆ. ಗಂಡಸರು ಶಪಿಸುತ್ತಲೇ ಸೌದೆ ಒಡೆಯುತ್ತಾರೆ. "ಐವತ್ತೈದು ದಿನ ಕಾದಿದ್ದೆ ಕಣೇ, ಪಾಪಿ!" ಎಂದು ಮೇಷ್ಟ್ರು ಒಲೆ ಊದುತ್ತಾರೆ. ಬೆಣ್ಣೆಯಲ್ಲಿ ಹುರಿದ ಮಾಂಸವನ್ನು ಮೂರು ಸಲ ಬಡಿಸಿಕೊಂಡವರೂ ಅವರೇ.

ಊಟ ಮುಗಿದ ಮೇಲೆ ಅಜ್ಜಿ ತೀರ್ಪು ಕೊಡುತ್ತಾರೆ. "ಮುಂದಿನ ವರ್ಷ ಎತ್ತು ಕೊಳ್ಳೋಕೇ ನೀನು ಸಂತೆಗೆ ಬಾ."

"ನಿಂತಿರೋ ಎತ್ತಿನ ಹೃದಯ ಹೆಂಗೆ ನೋಡ್ಲಿ ಅಜ್ಜೀ?"

"ಅದು ನಂಗೊತ್ತಿಲ್ಲ. ಕೆಟ್ರೆ ಬೈಯೋಕೆ ನಮ್ಮೋಳು ಒಬ್ಬಳು ಬೇಕಲ್ಲ."

ಒಂಬತ್ತು ವರ್ಷದ ಮೇಲೆ ಸಿಕ್ಕ ಪಾಲನ್ನು ಹೊತ್ತು ಮನೆಗೆ ಹೊರಟ ಅಸ್ಕಾಲೆಗೆ ಇನ್ನೇನೂ ಬೇಡವಂತೆ. "ಬೈಯ್ಲಿ ಬಿಡಿ. ಬೈಕೊಂಡೇ ಬೇಯಿಸ್ಲಿ. ಬೇಯಿಸಿದ್ರೆ ಸಾಕು."