ಗೋಧಿ ಬಣ್ಣದ ತೊಂಬತ್ತೈದು

ಎಂಟುನೂರೈವತ್ತು ರೂಪಾಯಿ ಕೊಟ್ಟೆ. ಅಂಗಡಿಯವನು ಹೇಳಿದ್ದು ಹದಿನೆಂಟು ನೂರು. ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು, ಬೆಳಕು ಹಾಯಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಹೇಳುವ ಪುಟ್ಟ ಯಂತ್ರ. ಹೆಂಡತಿಯ ದಮ್ಮಿನ ಸಲುವಾಗಿ ಮೊನ್ನೆ ಸಿಕಂದರಾಬಾದಿನಲ್ಲಿ ಕೊಂಡೆ. ನೀವೂ ಕೊಳ್ಳುವುದಿದ್ದರೆ ಮೊದಲು ಬೆರಳಿಗೆ ಹಾಕಿ ನೋಡಿ, ಮುಖ ಸಿಂಡರಿಸಿ, ಎದ್ದು ಬಾಗಿಲ ತನಕ ನಡೆಯಿರಿ. ಬಾಗಿಲಲ್ಲಿ ಅರ್ಧ ಬೆಲೆ ತಾನಾಗಿ ಇಳಿಯುತ್ತದೆ. ನನ್ನ ಬೆರಳಿಗೆ ತೊಂಬತ್ತೇಳು ಬಂತು. "ಇದರಲ್ಲಿ ನನ್ನ ಬಣ್ಣಕ್ಕೆಂದು ಎಷ್ಟು ಕಳೆಯಬೇಕು?" ಎಂದು ಹಿಂದಿಯಲ್ಲಿ ಕೇಳಿದೆ. ನಾನು ಇನ್ನೂ ಬೆಲೆ ಇಳಿಸುತ್ತಿದ್ದೇನೆ ಎಂದುಕೊಂಡ ಅಂಗಡಿಯವನು ಕೈ ಮುಗಿದ: "ಬಸ್ ಕರೋ ಸೇಠ್!"

ಅವನದೇನು ತಪ್ಪು? ನನ್ನ ಮೊಮ್ಮಗಳು ಹುಟ್ಟಿದ ಕಥೆ ಅವನಿಗೆ ಗೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಪರದೆ ಬಟ್ಟೆಯ ವ್ಯಾಪಾರಿ. ವಿಜಯಪುರದ ಕಡೆಯಿಂದ ಬರಿಗೈಯಲ್ಲಿ ಸಿಕಂದರಾಬಾದಿಗೆ ಬಂದು, ರಸ್ತೆ ಬದಿ ತುಂಡು ಬಟ್ಟೆ ಹರಡಿ ಕೂತವನಿಗೆ ಈಗ ಎರಡು ಶಟರಿನ ಅಂಗಡಿ ಇದೆ. ಇಷ್ಟು ವರ್ಷ ಬಣ್ಣ ಮಾರಿ ಕಲಿತದ್ದು ಒಂದೇ: ಬಟ್ಟೆಯ ಬಣ್ಣದ ಬಗ್ಗೆ ಜನ ನಿಜ ಹೇಳುತ್ತಾರೆ, ಚರ್ಮದ ಬಣ್ಣದ ಬಗ್ಗೆ ಹೇಳುವುದಿಲ್ಲ. ನಮ್ಮ ನೆಂಟರಲ್ಲಿ ಕಪ್ಪು ಎಂಬ ಬಣ್ಣವೇ ಇಲ್ಲ. ಸಂಬಂಧ ಕೇಳುವಾಗ ಎಲ್ಲರೂ ಗೋಧಿ ಬಣ್ಣ. ನನ್ನನ್ನೂ ಹಾಗೆಯೇ ದಾಟಿಸಿದರು. ಅದು ಯಾವ ಬಾಣಲೆಯಲ್ಲಿ ಎಷ್ಟು ಹೊತ್ತು ಹುರಿದ ಗೋಧಿ ಎಂದು ನನ್ನ ಮಾವನವರು ಕೇಳಲಿಲ್ಲ, ಪುಣ್ಯಾತ್ಮರು.

ತಾರ್ನಾಕದ ಒಂದು ಸಣ್ಣ ಆಸ್ಪತ್ರೆಯಲ್ಲಿ ಮಗಳು ವಿದ್ಯಾ ಹೆತ್ತಳು. ಕೂಸು ನನ್ನ ಬಣ್ಣವನ್ನು ಯಾವ ರಿಯಾಯಿತಿಯೂ ಇಲ್ಲದೆ ಹೊತ್ತು ತಂದಿತ್ತು. ಅಳಿಯ ಸತೀಶನ ತಾಯಿ ಗಂಗಮ್ಮ ಬಂದವರೇ ಕೂಸಿನ ಕಿವಿ ಮಡಚಿ ನೋಡಿದರು. ಕೂಸು ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ನಮ್ಮವರು ಕಿವಿಯ ತುದಿಯಲ್ಲಿ ಓದುತ್ತಾರೆ.

"ಗೋದಿ ಬಣ್ಣ ಐತಿ," ಎಂದು ತೀರ್ಪಾಯಿತು.

"ಟ್ಯೂಬ್‌ಲೈಟಿನಾಗ ಏನ್ ತಿಳೀತದ್ರಿ? ಕಿಟಕಿಗೆ ತರ್ರಿ," ಎಂದಳು ನನ್ನ ಹೆಂಡತಿ ಶಾರದಾ, ಥೇಟ್ ನನ್ನ ಗಿರಾಕಿಗಳ ಹಾಗೆ.

ಕಿಟಕಿಯ ಬೆಳಕಿನಲ್ಲಿ ಕೂಸು ಇನ್ನಷ್ಟು ಕಪ್ಪಾಗಿ ಕಂಡಿತು. ಪರದೆ ಎಳೆದರು.

ಮರುದಿನ ಕೂಸಿನ ಉಸಿರು ತುಸು ಜೋರಾಯಿತು. ಆಕ್ಸಿಜನ್ ಅಳೆಯಲು ಪಾದಕ್ಕೆ ಕೆಂಪು ದೀಪದ ಪಟ್ಟಿ ಸುತ್ತಿದರು. ಯಂತ್ರದ ಮೇಲೆ ತೊಂಬತ್ತೈದು ಬಂತು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಮೊದಲನೇ ಮೊಮ್ಮಗಳ್ರಿ ಡಾಕ್ಟರಮ್ಮಾರ, ಇನ್ನೆರಡು ಕೂಡಿಸಿ ಕೊಡ್ರಿ."

ರಾಯಚೂರಿನಲ್ಲಿ ಓದಿದ ಡಾಕ್ಟರಿಗೆ ನಮ್ಮ ಮಾತು ಬರುತ್ತಿತ್ತು. ಆದರೂ ನಗಲಿಲ್ಲ.

"ಅಂಕಿ ಛಲೋನ ಐತ್ರಿ. ಆದ್ರ ಇದು ಬೆಳಕು ಹಾಯಿಸಿ ನೋಡೋ ಮಷೀನು. ಚರ್ಮ ಕಪ್ಪಿದ್ರ ಒಮ್ಮೊಮ್ಮೆ ಇರೋದಕ್ಕಿಂತ ಜಾಸ್ತಿ ತೋರಸ್ತದ. ಕೂಸು ಉಸಿರಿಗೆ ಕಷ್ಟ ಪಡಾಕತ್ತೈತಿ. ರಕ್ತ ತಗೊಂಡು ಖಾತ್ರಿ ಮಾಡ್ಕೊಳ್ಳೋಣ. ಅಪ್ಪ ಸಹಿ ಹಾಕ್ಲಿ."

ಸತೀಶ ಪೆನ್ನು ತೆಗೆದ. ಗಂಗಮ್ಮ ಪೆನ್ನಿನ ಕೈಯನ್ನೇ ಹಿಡಿದರು.

"ಯಾರ ಕೂಸ್ರಿ ಕಪ್ಪ? ದವಾಖಾನಿ ಕಾಗದದಾಗ ಕಪ್ಪಂತ ಬರದು ಕುಂತ್ರ, ನಾಳೆ ಗಂಡಿನ ಕಡಿಯವ್ರಿಗೆ ನೀವು ಜವಾಬು ಕೊಡ್ತೀರೇನು? ಹಾಕಬ್ಯಾಡೋ ಸಹಿ!"

"ಅವ್ವಾ, ಅದಕಿನ್ನೂ ಹೆಸರ ಇಟ್ಟಿಲ್ಲ..."

"ಹೆಸರು ನಾಳೆ ಬದಲಿ ಮಾಡಬಹುದೋ!"

ಡಾಕ್ಟರು ಮತ್ತೊಮ್ಮೆ ಬಿಡಿಸಿ ಹೇಳಿದರು. ಗಂಗಮ್ಮ ಮತ್ತೊಮ್ಮೆ ಗೋಧಿ ಎಂದರು. ಆಗ ಕೂಸಿನ ಎದೆ ನೋಡಿದೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಚರ್ಮ ಗುಳಿ ಬೀಳುತ್ತಿತ್ತು. "ಅಪ್ಪಾ, ಏನಾರ ಮಾಡು," ಎಂದಳು ವಿದ್ಯಾ, ಹಾಸಿಗೆಯಿಂದ. ನನ್ನ ಚೌಕಾಶಿಯ ನಗೆ ಅಲ್ಲಿಗೆ ನಿಂತಿತು, ಆದರೆ ಕಸುಬು ಕೈಬಿಡಲಿಲ್ಲ. ಗಿರಾಕಿ ಬೆಲೆಗೆ ಬಗ್ಗದಿದ್ದರೆ ಬೆಲೆಯ ಮಾತು ಬಿಟ್ಟು, ಅವರ ಸಿಟ್ಟು ಎಲ್ಲಿದೆ ಎಂದು ಹುಡುಕಬೇಕು. ಗಂಗಮ್ಮನದು ನನಗೆ ಗೊತ್ತಿತ್ತು. ಕಾಯಿಪಲ್ಲೆ ತರಲು ತೂಕದಲ್ಲಿ ಮೋಸವಾದೀತೆಂದು ಚೀಲದಲ್ಲಿ ಮನೆಯ ತೂಕದ ಕಲ್ಲನ್ನೇ ಇಟ್ಟುಕೊಂಡು ಹೋಗುವ ಹೆಂಗಸು ಅವರು.

"ಅಕ್ಕಾರ, ಬಣ್ಣದ ಮಾತು ಬಿಡ್ರಿ. ಇದು ತೂಕದ ಮಾತು. ತಕ್ಕಡಿ ಕಿಲೋ ಅಂತೈತಿ, ಚೀಲದಾಗ ಮುಕ್ಕಾಲು ಕಿಲೋ ಇದ್ರ? ಬಿಳೀ ಮಕ್ಕಳಿಗೆ ಬರೋಬ್ಬರಿ ತೂಗೋ ಮಷೀನು ನಮ್ಮ ಕೂಸಿಗೆ ಅಷ್ಟ..."

ಮುಗಿಸಲು ಬಿಡಲಿಲ್ಲ.

"ಏನಂದ್ರಿ? ಗಾಳಿಯೊಳಗೂ ತೂಕ ಹೊಡೀತೈತೇನು ಇದು? ನನಗ ಮಾಡಿದ್ದು ಸಾಲಲಿಲ್ಲೇನು, ನನ್ನ ಮೊಮ್ಮಗಳಿಗೂ ಶುರು ಹಚ್ಚಿದ್ರ್ಯಾ?" ಗಂಗಮ್ಮ ಎದ್ದು ನಿಂತರು. "ಕಪ್ಪೈತ್ರಿ ನಮ್ಮ ಕೂಸು! ನನ್ನಂಗ ಕರೀ ಕಪ್ಪ! ಲಗೂನ ರಕ್ತ ತಗೀರಿ! ಏ ಸತೀಶಾ, ನಿದ್ದಿ ಮಾಡಾಕತ್ತಿಯೇನ? ಹಾಕೋ ಸಹಿ!"

ಹೊರಗೆ ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಗಂಗಮ್ಮನ ಮುಖದ ಪೌಡರು ಕಣ್ಣೀರಿಗೆ ಗೆರೆಗೆರೆಯಾಗಿ ಇಳಿದಿತ್ತು. ಅದರಡಿ ಇದ್ದದ್ದು ಕೂಸಿನದೇ ಬಣ್ಣ. ಬೀಗತನ ಬೆಳೆಸಿ ಅಷ್ಟು ದಿನವಾದರೂ ನಾನು ಅದನ್ನು ಕಂಡಿರಲಿಲ್ಲ.

ರಕ್ತದಲ್ಲಿ ಆಕ್ಸಿಜನ್ ಯಂತ್ರ ಹೇಳಿದ್ದಕ್ಕಿಂತ ಕಡಿಮೆಯೇ ಇತ್ತು. ಕೆಲವು ದಿನ ಕೂಸಿಗೆ ಆಕ್ಸಿಜನ್ ಕೊಟ್ಟರು. ಎದೆಯ ಗುಳಿ ತುಂಬಿತು, ಹಾಲು ಎಳೆದು ಕುಡಿಯಿತು. ಈಗ ಶಾಲೆಗೆ ಹೋಗುತ್ತಾಳೆ, ಅಜ್ಜಿಯ ಬಾಯಲ್ಲಿ ಅವಳು 'ಕರೆವ್ವ'. ಗಂಗಮ್ಮನಂತೂ ಪೌಡರು ಬಿಟ್ಟು ಹೊಸ ಕೆಲಸ ಹಿಡಿದಿದ್ದಾರೆ. ನೆಂಟರಲ್ಲಿ ಎಲ್ಲಿ ಹೆರಿಗೆಯಾದರೂ ಹಾಜರು. ಕಳೆದ ವಾರ ಶಂಶಾಬಾದಿನಲ್ಲಿ, ಹಾಲಿನಂಥ ಬಿಳಿ ಕೂಸನ್ನು ಎತ್ತಿ ಹಿಡಿದು "ಕಪ್ಪೈತ್ರಿ, ಖಾತ್ರಿ ಮಾಡ್ಕೋರಿ!" ಎಂದು ಡಾಕ್ಟರ ಮುಂದೆ ಪಟ್ಟು ಹಿಡಿದು, ಆ ಮನೆಯವರಿಂದ ಬೈಸಿಕೊಂಡು ಬಂದರು. ಕರೆತರಲು ಹೋದವನು ನಾನೇ. ದಾರಿಯುದ್ದಕ್ಕೂ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ಬೈಸಿಕೊಂಡಾದರೂ ಮಾಡಬೇಕಾದ ಕೆಲಸ ಅದು.

ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದರೆ ಇಷ್ಟು ಮಾಡಿ. ಯಂತ್ರವನ್ನು ಬೈಯಬೇಡಿ, ಅದೊಂದನ್ನೇ ನಂಬಲೂ ಬೇಡಿ. ಉಸಿರು ಜೋರಾಗಿದ್ದರೆ, ಹಾಲು ಕುಡಿಯಲು ದಣಿಯುತ್ತಿದ್ದರೆ, ಅಂಕಿ ಚೆನ್ನಾಗಿದ್ದರೂ ಡಾಕ್ಟರನ್ನು ಕರೆಯಿರಿ. ನೀಲಿಗಟ್ಟಿದೆಯೇ ಎಂದು ನಾಲಿಗೆ, ಒಸಡು ನೋಡಿಸಿ. ಕಪ್ಪು ಕೂಸಾದರೆ ಕಪ್ಪು ಎಂದು ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಹಿರಿಯರು ಅಡ್ಡ ನಿಂತರೆ ವಾದಕ್ಕೆ ಕೂರಬೇಡಿ, ಸಹಿ ಮೊದಲು ಹಾಕಿಸಿ. ಬೀಗರ ಮುನಿಸನ್ನು ನಾಮಕರಣದ ಊಟದಲ್ಲಿ ತೀರಿಸಬಹುದು.