ಹೊಸ್ತಿಲಲ್ಲಿ ಕೇಳಿದ ಇಂಗ್ಲಿಷ್ ಪ್ರಶ್ನೆ

ಮೊಮ್ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನಾಳೆಯ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ನಾಳೆ ರೊಟ್ಟಿ ಬಡಿಯುವುದಕ್ಕೂ ಅವ್ವ ‘ಬಸವಣ್ಣ ನಡಸಿದ್ರ’ ಎಂದು ಸೇರಿಸುತ್ತಿದ್ದಳು. ಪಕ್ಕದ ಮನೆಯ ಚಾಚಿ ‘ಇನ್ಶಾಲ್ಲಾ’ ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರಾ ತಿಳಿಯಲೇಬೇಕಿದ್ದರೆ ‘ದೂರ ಹೊಂಟೀರೇನ್ರಿ?’ ಎನ್ನಬೇಕು. ಮಾತು ಕಲಿಯುವಾಗಲೇ ನಾವು ಇದನ್ನೂ ಕಲಿತಿದ್ದೆವು.

ನಮ್ಮ ಊರು ವಾಡಿ ಹತ್ತಿರದ ರಾವೂರ. ಅಪ್ಪ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ರೆಪ್ಪೆಯ ಮೇಲೂ ಬಿಳಿ ಧೂಳು ಕೂತಿರುತ್ತಿತ್ತು. ಬೇಸಿಗೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಮನೆಯೊಳಗಿನ ಫರ್ಸಿಗೆ ನೀರು ಚೆಲ್ಲುತ್ತಿದ್ದಳು. ಕಾದ ಕಲ್ಲಿನ ವಾಸನೆ ಭಗ್ಗನೆ ಏಳುತ್ತಿತ್ತು. ಅದು ತಣ್ಣಗಾದ ಮೇಲೆ ಅಕ್ಕನೂ ನಾನೂ ಕೆನ್ನೆ ಒತ್ತಿ ಮಲಗುತ್ತಿದ್ದೆವು.

ಊರಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ಮುಂದೆ ಓದಬೇಕೆಂದರೆ ವಾಡಿಗೇ ಹೋಗಬೇಕು. ಅಕ್ಕನ ಓದು ಏಳಕ್ಕೇ ನಿಂತಿತ್ತು. ಆ ವರ್ಷ ನಾನೂ ಏಳು ಮುಗಿಸಿದ್ದೆ. ನನ್ನನ್ನು ಮುಂದೆ ಕಳಿಸುತ್ತಾರೋ ಇಲ್ಲವೋ ಯಾರೂ ಹೇಳಲಿಲ್ಲ, ಕೇಳಲು ನನಗೂ ಧೈರ್ಯವಿರಲಿಲ್ಲ. ದಿನಾ ದೇವರ ಜಗಲಿಯ ಮುಂದೆ ವಿಭೂತಿ ಹಚ್ಚಿಕೊಳ್ಳುವಾಗ ಬೇಡಿಕೊಳ್ಳುತ್ತಿದ್ದೆ, ಅಷ್ಟೆ.

ಶಾಲೆಯ ಕೊನೆಯ ವಾರ ಇಂಗ್ಲಿಷ್ ಮಾಸ್ತರರು ಮುಂದೆ ಆಗುವುದನ್ನು ಹೇಳುವ ಬಗೆ ಕಲಿಸಿದ್ದರು. “ಮೊದಲೇ ಗಟ್ಟಿ ಮಾಡ್ಕೊಂಡಿದ್ರ ‘ಗೋಯಿಂಗ್ ಟು’ ಅನ್ರಿ. ಆಗೇ ಮನಸಿಗೆ ಬಂದಿದ್ರ ‘ವಿಲ್’ ಅನ್ರಿ,” ಎಂದಿದ್ದರು. ಎಷ್ಟು ಸೊಗಸು ಅನಿಸಿತ್ತು! ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಹೇಳಲು ಅಂಜುತ್ತಿದ್ದ ನಾಳೆಯನ್ನು ಇಂಗ್ಲಿಷಿನಲ್ಲಿ ಎದೆಯುಬ್ಬಿಸಿ ಹೇಳಬಹುದಿತ್ತು. ‘ರಜೆಯೊಳಗ ಮನ್ಯಾಗಿನವ್ರ ಜೋಡಿ ಮಾತಾಡಿ ರೂಢಿ ಮಾಡ್ರಿ’ ಎಂದೂ ಹೇಳಿದ್ದರು. ನಾನು ಎಮ್ಮೆಗೆ ನೀರು ಕುಡಿಸುವಾಗಲೂ ಅದರೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ.

ಮುಂಗಾರಿನ ಮೋಡ ಕಟ್ಟಿ, ಮಳೆ ಮಾತ್ರ ಬಾರದ ಒಂದು ಶನಿವಾರ. ಅಪ್ಪ ಗಣಿಗೆ ಹೋಗಲಿಲ್ಲ. ಮೀಸಲಿಟ್ಟ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಅವ್ವ ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಂಡ. ಅಂಗಳದಲ್ಲಿ ಆಯಿ ಜೋಳ ಹಸನು ಮಾಡುತ್ತಿದ್ದಳು. ಚಾಚಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ನಿಂತಿದ್ದರು. ಅಪ್ಪ ಹೊಸ್ತಿಲು ದಾಟಿ ಒಂದು ಕಾಲು ಚಪ್ಪಲಿಗೆ ಇಟ್ಟ. ಇಷ್ಟು ಮಂದಿಯ ಮುಂದೆ ನನ್ನ ಜಾಣತನ ತೋರಿಸುವ ಹುರುಪು ಉಕ್ಕಿತು.

“ಅಪ್ಪಾ, ವೇರ್ ಆರ್ ಯು ಗೋಯಿಂಗ್?”

ಅಪ್ಪ ನಗುತ್ತ ತಿರುಗಿದ. “ಹಂಗಂದ್ರೇನ ಮಗಳ?”

“ಎಲ್ಲಿಗಿ ಹೊಂಟಿ ಅಂತ!”

ಆಯಿಯ ಕೈಯಲ್ಲಿನ ಮೊರ ನಿಂತುಬಿಟ್ಟಿತು. ಕನ್ನಡದಲ್ಲಾಗಿದ್ದರೆ ನಾನು ಸತ್ತರೂ ಕೇಳುತ್ತಿರಲಿಲ್ಲ, ಮಕ್ಕಳೇ. ಇಂಗ್ಲಿಷಿಗೆ ಆ ಕಟ್ಟಳೆ ಇಲ್ಲವೆಂದೇ ನಂಬಿದ್ದೆ.

“ಎಲ್ಲಿಗಿ ಅಂದಳಲ್ಲೋ! ಇಂಗ್ಲೀಸಿನ್ಯಾಗ ಒಮ್ಮಿ, ಕನ್ನಡದಾಗ ಒಮ್ಮಿ!” ಎಂದು ಆಯಿ ಹಣೆ ಬಡಿದುಕೊಂಡಳು. “ಒಳಗ ಬಾರೋ, ಕುಂದ್ರು, ನೀರ್ ಕುಡಿ. ಕೆಟ್ಟ ಗಳಿಗಿ ಕಳೀಲಿ.”

“ಯಾ ಅಲ್ಲಾ,” ಎಂದರು ಚಾಚಿ. “ಪೋರಿ ಮೇಮಸಾಬ ಆಗ್ಯಾಳ ನೋಡ್ರಿ!” ಬಾಯಿಗೆ ಸೆರಗು ಹಿಡಿದು ನಕ್ಕರೂ ಅವರ ಮುಖ ಸಣ್ಣಗಾಗಿತ್ತು.

ಅಪ್ಪ ಬೈಯಲಿಲ್ಲ. ಒಳಗೆ ಬಂದು ಕಾಲು ತೊಳೆದು ಫರ್ಸಿಯ ಮೇಲೆ ಕುಳಿತ. ಅವ್ವ ತಂಬಿಗೆ ತುಂಬ ನೀರು ತಂದಳು. ಅವನು ಕುಡಿಯುತ್ತಿರುವಾಗಲೇ ಊರ ಬಾಗಿಲು ಅಗಸಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಅಪ್ಪ ತಂಬಿಗೆ ಇಟ್ಟು ಓಡಿದ. ಬಸ್ಸು ಹೋಗಿತ್ತು, ಮುಂದಿನದು ಮಧ್ಯಾಹ್ನಕ್ಕೇ. ಅಲ್ಲಿಂದಲೇ ವಾಡಿಯ ದಾರಿ ಹಿಡಿದು ನಡೆದದ್ದನ್ನು ಅಕ್ಕ ನೋಡಿ ಬಂದಳು. ಬಂದವಳೇ ನನ್ನ ತೋಳು ಹಿಡಿದು ಅಡುಗೆಮನೆಯ ಮೂಲೆಗೆ ಎಳೆದಳು.

“ಎಲ್ಲಿಗಿ ಹೊಂಟಿದ್ದ ಗೊತ್ತೇನ? ವಾಡ್ಯಾಗ ದೊಡ್ಡ ಸಾಲಿಗಿ ನಿನ್ನ ಹೆಸರ ಹಚ್ಚಾಕ. ಇವತ್ತೇ ಕಡೀ ದಿನ. ಗಣಿಯಾಗ ಇವತ್ತೊಂದೇ ದಿನ ರಜಾ ಕೊಟ್ಟಾರ. ಆಗೋತನಕ ನಿನಗ ಹೇಳಬ್ಯಾಡಂದಿದ್ದ.”

ಕಿವಿ ಕಾದ ಹಂಚಾದವು. ಒಲೆಯ ಹಿಂದೆ ಮುದುಡಿ ಕುಳಿತೆ. ಊಟಕ್ಕೆ ಕರೆದರೂ ಏಳಲಿಲ್ಲ. ‘ಅಪ್ಪ ಹೊತ್ತಿಗೆ ಮುಟ್ಟಲಿ, ಶಾಲೆಯ ಬಾಗಿಲು ತೆರೆದಿರಲಿ’ ಎಂದು ಬಸವಣ್ಣನ ಹೆಸರು ಹಿಡಿದು ಕುಳಿತೇ ಇದ್ದೆ.

ಹೊತ್ತು ಇಳಿದ ಮೇಲೆ ಅಪ್ಪ ಬಂದ. ಧೋತರದ ಅಂಚಿಗೆ ಧೂಳು ಮೆತ್ತಿತ್ತು, ಹಣೆಯ ವಿಭೂತಿ ಬೆವರಿಗೆ ಕರಗಿ ಗೆರೆಗೆರೆಯಾಗಿತ್ತು. ಅವನ ಕಾಲಿಗೆ ನೀರು ಕೊಡಲು ಹೋದ ನನಗೆ ತಲೆ ಎತ್ತಲಾಗಲಿಲ್ಲ.

“ಮುಂಜಾನಿ ಕೇಳಿದ್ಯಲ್ಲ, ಎಲ್ಲಿಗಿ ಅಂತ,” ಅಂದ. “ನಿನ್ನ ಸಾಲಿಗಿ ಹೋಗಿದ್ದೆ ಮಗಳ. ಶನಿವಾರ, ಅರ್ಧಾ ದಿನ. ನಾ ಮುಟ್ಟೂದ್ರಾಗ ಕೀಲಿ ಹಾಕಾಕತ್ತಿದ್ರು. ಬರೂ ವರ್ಷ ಬರ್ರಿ ಅಂದ್ರು.”

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ.

ಆ ವರ್ಷವಿಡೀ ನನಗೆ ಓಣಿಯಲ್ಲಿ ‘ವೇರ್‌ಗೋಯಿಂಗ್’ ಎಂದೇ ಹೆಸರು. ನೀರಿಗೆ ಹೊರಟರೆ ಸಾಕು, ಹುಡುಗರು ಕೂಗುತ್ತಿದ್ದರು. ನನ್ನ ಗೆಳತಿಯರು ಬಸ್ಸು ಹತ್ತುವಾಗ ನಾನು ಕೊಡ ಹೊತ್ತು ಗೋಡೆಯ ಮರೆಗೆ ನಿಲ್ಲುತ್ತಿದ್ದೆ. ಆದರೂ ದೇವರು ಕೈ ಬಿಡಲಿಲ್ಲ. ಅಂದು ಅಷ್ಟು ದೂರ ನಡೆದ ಅಪ್ಪನಿಗೆ ಮೋಡ ನೆರಳು ಹಿಡಿದಿತ್ತು. ಮರುವರ್ಷ ಅವನು ಮತ್ತೆ ಅದೇ ಧೋತರ ಉಟ್ಟ. ನಾನು ಬಾಯಿಗೆ ಎರಡೂ ಕೈ ಒತ್ತಿಕೊಂಡು ಒಲೆಯ ಹಿಂದೆ ಕುಳಿತಿದ್ದೆ. ಹೆಸರು ಹಚ್ಚಿ ಬಂದ. ಕಿರಿಯರ ನಡುವೆ ಎತ್ತರದವಳಾಗಿ ಹಿಂದಿನ ಬೆಂಚಿನಲ್ಲಿ ನಾಚಿ ಕುಳಿತರೂ, ಕುಳಿತೆನಲ್ಲ!

ಈಗ ಸೇಡಂನ ನಮ್ಮ ಮನೆಯಲ್ಲಿ ನೀವು ಮುಂದಿನ ಬೇಸಿಗೆಯಲ್ಲಿ ಎಲ್ಲಿಗೆ ಹೋಗುವಿರೆಂದು ಈಗಲೇ ಫೋನಿನಲ್ಲಿ ಸಾರುತ್ತೀರಿ. ಏನಾಗಬೇಕೆಂದು ಕೇಳಿದರೆ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತೀರಿ. ನಿಮ್ಮ ನಾಳೆಗೆ ಬಾಗಿಲೂ ಇಲ್ಲ, ಕೀಲಿಯೂ ಇಲ್ಲ. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಮೊನ್ನೆ ಅಕ್ಕನನ್ನು ನೋಡಲು ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ನಿಮ್ಮಲ್ಲಿ ಚಿಕ್ಕವಳು ಪಾಠ ಒಪ್ಪಿಸುತ್ತ ಕೂಗಿದಳು, “ಅಜ್ಜಿ, ವೇರ್ ಆರ್ ಯು ಗೋಯಿಂಗ್?” ನಿಮ್ಮ ತಾಯಿ “ಶ್” ಅಂದಳು. ನನ್ನ ಕಿವಿ ಮತ್ತೆ ಕಾದವು. ಆದರೂ ತಿರುಗಿ ನಿಂತು, “ಐ ಆಮ್ ಗೋಯಿಂಗ್ ಟು ಚಿತ್ತಾಪುರ,” ಎಂದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಓಣಿ ತಿರುಗಿದ ಮೇಲೆ, ನಿಮಗೆ ಕಾಣದಂತೆ, ಅಂಗಡಿಯ ಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತು ನೀರು ಕುಡಿದೆ. ಈ ಸಲ ಬಸ್ಸು ನನಗಾಗಿ ಕಾದಿತ್ತು.